ಸ್ಲೋ ಕುಕ್ಕರ್ ಬ್ರೆಡ್: ಮೇಲೆ ಒದ್ದೆ, ಕೆಳಗೆ ಸೀದು, ನಡುವೆ ಹಸಿ

ಪ್ರಶ್ನೆ: ನಾನು ಓದಲು ಮಿನಿಯಾಪೊಲಿಸ್‌ಗೆ ಬಂದು ಐದು ತಿಂಗಳಾಯಿತು. ಒಂದು ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದೇನೆ. ಒಂದು ಇಂಡಕ್ಷನ್ ಒಲೆ ಇದೆ, ಓವನ್ ಇಲ್ಲ. ಮನೆ ಖಾಲಿ ಮಾಡಿಕೊಂಡು ಹೋದ ಸೀನಿಯರ್ ಒಬ್ಬರು 6 ಕ್ವಾರ್ಟ್‌ನ ಸ್ಲೋ ಕುಕ್ಕರ್ (ಕರೆಂಟಿನಲ್ಲಿ ನಿಧಾನಕ್ಕೆ ಬೇಯಿಸುವ ಪಿಂಗಾಣಿ ಪಾತ್ರೆ) ಕೊಟ್ಟು ಹೋಗಿದ್ದಾರೆ. ಅದರಲ್ಲಿ ಬ್ರೆಡ್ ಮಾಡಲು ಹೋದೆ. ಮೂರು ಕಪ್ ಹಿಟ್ಟು (ಅರ್ಧ ಗೋಧಿ ಹಿಟ್ಟು, ಅರ್ಧ ಮೈದಾದಂಥ ಆಲ್ ಪರ್ಪಸ್), ಒಂದು ಪ್ಯಾಕೆಟ್ ಯೀಸ್ಟ್, ಕಲಸಿ, ಉಬ್ಬಿಸಿ, ಎಣ್ಣೆ ಸವರಿದ ಕುಕ್ಕರ್‌ನಲ್ಲಿಟ್ಟು 'ಲೋ'ದಲ್ಲಿ ಮೂರು ಗಂಟೆ ಬಿಟ್ಟೆ. ನಡುವೆ ನಾಲ್ಕು ಸಲ ಮುಚ್ಚಳ ತೆಗೆದು ನೋಡಿದೆ. ಕೊನೆಗೆ ಮೇಲ್ಭಾಗ ಬೆಳ್ಳಗೆ, ಒದ್ದೆಯಾಗಿ ಇಡ್ಲಿ ಹಾಗಿತ್ತು. ತಳ ಸೀದಿತ್ತು. ನಡುವೆ ಕತ್ತರಿಸಿದರೆ ಚಾಕುವಿಗೆ ಅಂಟುತ್ತಿತ್ತು. ನಿಜವಾಗಿ ಇದರಲ್ಲಿ ಬ್ರೆಡ್ ಆಗುತ್ತದಾ? ಊರಿನ ಅಯ್ಯಂಗಾರ್ ಬೇಕರಿಯ ಬ್ರೆಡ್‌ನಷ್ಟು ಮೆತ್ತಗೆ ಆದರೆ ಸಾಕು. ಇನ್ನೊಂದು, ಡಿಸೆಂಬರ್‌ನಲ್ಲಿ ಶಿವಮೊಗ್ಗಕ್ಕೆ ಹೋಗುವಾಗ ಈ ಕುಕ್ಕರನ್ನು ಅಮ್ಮನಿಗೆ ಒಯ್ಯಬಹುದಾ?

ಉತ್ತರ: ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ನೀವು ಇಷ್ಟು ವಿವರವಾಗಿ ಬರೆದಿರುವುದು ಒಳ್ಳೆಯದಾಯಿತು, ಯಾಕೆಂದರೆ ತಪ್ಪು ಎಲ್ಲೆಲ್ಲಿ ಆಯಿತು ಅನ್ನುವುದು ನಿಮ್ಮ ಮಾತಿನಲ್ಲೇ ಇದೆ. ಮೇಲೆ ಒದ್ದೆಯಾಗಿದ್ದಕ್ಕೆ ಕಾರಣ ಹಿಟ್ಟಲ್ಲ, ಮುಚ್ಚಳ. ತಳ ಸೀದಿದ್ದಕ್ಕೆ ಕಾರಣ ಉರಿ ಜಾಸ್ತಿಯಾಗಿದ್ದಲ್ಲ, ಹೊತ್ತು ಜಾಸ್ತಿಯಾಗಿದ್ದು. ನಡುವೆ ಹಸಿ ಉಳಿದಿದ್ದು 'ಲೋ' ಇಟ್ಟಿದ್ದರಿಂದ ಮತ್ತು ನಾಲ್ಕು ಸಲ ತೆರೆದಿದ್ದರಿಂದ.

ಮೊದಲು ಈ ಪಾತ್ರೆ ಎಂಥದ್ದು ಅಂತ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ಉಳಿದದ್ದು ನಿಮಗೇ ಹೊಳೆಯುತ್ತದೆ. ಸ್ಲೋ ಕುಕ್ಕರಿನ ಪೇಟೆಂಟ್ ಪಡೆದವರು ಅರ್ವಿಂಗ್ ನ್ಯಾಕ್ಸನ್ ಅನ್ನುವ ಅಮೆರಿಕದ ಎಂಜಿನಿಯರ್, 1940ರಲ್ಲಿ. ಅವರ ತಾಯಿಯ ಕಡೆಯವರು ಲಿಥುವೇನಿಯಾದ ಯಹೂದಿಗಳು. ಶುಕ್ರವಾರ ಸಂಜೆಯಿಂದ ಯಹೂದಿಗಳಿಗೆ ಸಬ್ಬತ್, ಒಲೆ ಹಚ್ಚುವ ಹಾಗಿಲ್ಲ. ಹಾಗಾಗಿ ಅಲ್ಲಿಯ ಮನೆಗಳಲ್ಲಿ ಚೋಲೆಂಟ್ ಅನ್ನುವ ಕಾಳು-ಮಾಂಸದ ಅಡುಗೆಯನ್ನು ಪಾತ್ರೆಗೆ ಹಾಕಿ ಊರಿನ ಬೇಕರಿಗೆ ಕಳಿಸುತ್ತಿದ್ದರು. ಬ್ರೆಡ್ ಸುಟ್ಟು ಬೆಂಕಿ ಆರಿಸಿದ ಮೇಲೂ ಆ ದೊಡ್ಡ ಒಲೆಯಲ್ಲಿ ಕಾವು ಉಳಿದಿರುತ್ತಿತ್ತು. ಆ ಕಾವಿನಲ್ಲೇ ರಾತ್ರಿಯಿಡೀ ಅಡುಗೆ ಬೇಯುತ್ತಿತ್ತು. ತಾಯಿಯಿಂದ ಕೇಳಿದ ಈ ಸಂಗತಿಯೇ ನ್ಯಾಕ್ಸನ್ ಅವರ ತಲೆಯಲ್ಲಿ ಕೂತಿತ್ತು. ಮುಂದೆ ರೈವಲ್ ಕಂಪನಿ ಅವರ ವ್ಯಾಪಾರವನ್ನು ಕೊಂಡುಕೊಂಡು, 1971ರಲ್ಲಿ ಅದನ್ನೇ 'ಕ್ರಾಕ್-ಪಾಟ್' ಹೆಸರಲ್ಲಿ ಮಾರುಕಟ್ಟೆಗೆ ತಂದಿತು.

ಅಂದರೆ ನಿಮ್ಮ ಕೈಗೆ ಬಂದಿರುವುದು ಬ್ರೆಡ್ ಒಲೆಯೇ. ಆದರೆ ಬೆಂಕಿ ಆರಿದ ಮೇಲಿನ ಒಲೆ. ಅದರಲ್ಲಿ ಬೇಯಿಸುವ ಕಾವಿದೆ, ಸುಡುವ ಕಾವಿಲ್ಲ. ಜೊತೆಗೆ ಮುಚ್ಚಳ ಗಟ್ಟಿಯಾಗಿ ಕೂರುವುದರಿಂದ ಒಳಗಿನ ನೀರು ಹೊರಗೆ ಹೋಗುವುದಿಲ್ಲ. ಹುಳಿ, ಸಾರು, ಪಲ್ಯಕ್ಕೆ ಅದು ವರ. ಬ್ರೆಡ್‌ಗೆ ಅದೇ ತೊಂದರೆ. ಸ್ಲೋ ಕುಕ್ಕರ್‌ನಲ್ಲಿ ಬ್ರೆಡ್ ಮಾಡುವುದು ಅಂದರೆ ಮುಕ್ಕಾಲು ಪಾಲು ಆ ನೀರನ್ನು ಸಂಭಾಳಿಸುವ ಕೆಲಸ.

ಯಾಕೆ ಅಂತ ನೋಡಿ. ಹಿಟ್ಟಿನ ಮುದ್ದೆ ಬ್ರೆಡ್ ಆಗಲು ಭಾರಿ ಕಾವೇನೂ ಬೇಡ. ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಯೀಸ್ಟ್ ಸಾಯುತ್ತದೆ, ಅಲ್ಲಿಗೆ ಉಬ್ಬುವುದು ನಿಲ್ಲುತ್ತದೆ. ಅದರ ಆಸುಪಾಸಿನಲ್ಲೇ ಹಿಟ್ಟಿನ ಪಿಷ್ಟ ನೀರು ಕುಡಿದು ಗಂಜಿ ಕಟ್ಟಲು ಶುರುವಾಗುತ್ತದೆ. ಇನ್ನೂ ಮೇಲೆ ಹೋದರೆ ಗ್ಲುಟೆನ್, ಅಂದರೆ ಹಿಟ್ಟಿಗೆ ಎಳೆಯುವ ಗುಣ ಕೊಡುವ ಗೋಧಿಯ ಪ್ರೋಟೀನ್, ಗಟ್ಟಿಯಾಗಿ ನಿಲ್ಲುತ್ತದೆ. ನಟ್ಟನಡುವೆ 90-93 ಡಿಗ್ರಿ ಬಂತು ಅಂದರೆ ಬ್ರೆಡ್ ಬೆಂದಿದೆ. ಸ್ಲೋ ಕುಕ್ಕರ್ ಇಷ್ಟನ್ನು ಸಲೀಸಾಗಿ ಮುಟ್ಟುತ್ತದೆ. ಕಂದು ಬಣ್ಣದ ಮಾತು ಬೇರೆ. ಅದು ಚೆನ್ನಾಗಿ ಬರಲು 140 ಡಿಗ್ರಿಯಾದರೂ ಬೇಕು, ಮೈ ಒಣಗಿರಬೇಕು. ಹಬೆ ತುಂಬಿದ ಜಾಗದಲ್ಲಿ ಹಿಟ್ಟಿನ ಮೈ 100 ಡಿಗ್ರಿ ದಾಟುವುದೇ ಇಲ್ಲ. ಪಿಂಗಾಣಿ ಗೋಡೆಗೆ ತಾಗಿದ ಕಡೆ ಮಾತ್ರ ಹಿಟ್ಟು ಒಣಗಿ, ಕಾವು ಏರಿ, ಕೆಂಪಾಗುತ್ತದೆ. ಹಾಗಾಗಿ ನಿಮ್ಮ ಬ್ರೆಡ್ ಮೇಲೆ ಇಡ್ಲಿ, ಕೆಳಗೆ ರೊಟ್ಟಿ ಆಯಿತು. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ ನಡೆದಿದೆ, ಅಷ್ಟೆ.

'ಓವನ್ ಇಲ್ಲದ ಬ್ರೆಡ್ಡು ನಿಜವಾದ ಬ್ರೆಡ್ಡಾ' ಅಂತ ಒಂದು ಅಳುಕು ನಿಮ್ಮ ಪತ್ರದಲ್ಲಿ ಕಂಡಿತು. ಅದನ್ನು ಬಿಟ್ಟುಬಿಡಿ. ಚೀನಾದ ಮಂಟೌ ಪೂರ್ತಿ ಹಬೆಯಲ್ಲೇ ಬೇಯುವ ಯೀಸ್ಟ್ ಬ್ರೆಡ್. ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಬಾಸ್ಟನ್ ಬ್ರೌನ್ ಬ್ರೆಡ್ ಅಂತ ಇದೆ. ಮೆಕ್ಕೆಜೋಳ, ರೈ (ಗೋಧಿಯಂಥ ಒಂದು ಧಾನ್ಯ), ಗೋಧಿ ಹಿಟ್ಟಿಗೆ ಕಾಕಂಬಿ, ಸೋಡಾ ಸೇರಿಸಿ ಡಬ್ಬದಲ್ಲಿ ಹಾಕಿ ಹಬೆಯಲ್ಲಿ ಬೇಯಿಸುತ್ತಾರೆ. ಐಸ್‌ಲ್ಯಾಂಡ್‌ನ ಲೌಗರ್‌ವಾತ್ನ್ ಅನ್ನುವಲ್ಲಿ ರೈ ಬ್ರೆಡ್ಡಿನ ಹಿಟ್ಟನ್ನು ಪಾತ್ರೆಯಲ್ಲಿ ಮುಚ್ಚಿ, ಬಿಸಿನೀರಿನ ಬುಗ್ಗೆಯ ಪಕ್ಕದ ನೆಲದಲ್ಲಿ ಹೂತು, ಒಂದು ದಿನ ಬಿಟ್ಟು ತೆಗೆಯುತ್ತಾರೆ. ಜರ್ಮನಿಯ ಪಂಪರ್‌ನಿಕಲ್ ಅಂತೂ ಕಡಿಮೆ ಕಾವಿನಲ್ಲಿ ಕನಿಷ್ಠ 16 ಗಂಟೆ ಬೇಯಬೇಕು, ಆಗಲೇ ಆ ಹೆಸರು. ಅಷ್ಟು ಹೊತ್ತು ಬೇಯುವುದರಿಂದಲೇ ಅದಕ್ಕೆ ಕಪ್ಪು ಬಣ್ಣ, ಸಿಹಿ ರುಚಿ.

ಈಗ ಹಿಟ್ಟಿಗೆ ಬರೋಣ. ನೀವಿರುವುದು ಹಿಟ್ಟಿನ ಊರಿನಲ್ಲೇ, ಗೊತ್ತಾ? 1880ರಿಂದ ಸುಮಾರು ಐವತ್ತು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಗೋಧಿ ಹಿಟ್ಟು ಬೀಸಿದ ಊರು ಮಿನಿಯಾಪೊಲಿಸ್. ಮಿಸಿಸಿಪ್ಪಿ ನದಿಯ ಸೇಂಟ್ ಆಂಥೊನಿ ಜಲಪಾತದ ಬಲದಿಂದ ಗಿರಣಿಗಳು ತಿರುಗುತ್ತಿದ್ದವು. 1878ರಲ್ಲಿ ವಾಶ್‌ಬರ್ನ್ 'ಎ' ಗಿರಣಿಯಲ್ಲಿ ಗಾಳಿಯಲ್ಲಿದ್ದ ಹಿಟ್ಟಿನ ಧೂಳಿಗೇ ಕಿಡಿ ಹತ್ತಿ, ಸ್ಫೋಟವಾಗಿ 18 ಜನ ಸತ್ತರು. ಗಿರಣಿಯನ್ನು ಮತ್ತೆ ಕಟ್ಟಿದರು. ಹಾಗೆ ಕಟ್ಟಿದ್ದರ ಪಾಳು ಗೋಡೆಗಳ ನಡುವೆ ಈಗ ಮಿಲ್ ಸಿಟಿ ಮ್ಯೂಸಿಯಂ ಇದೆ. ಬಿಡುವಿದ್ದಾಗ ಹೋಗಿ ಬನ್ನಿ, ಬ್ರೆಡ್ ಮಾಡುವವರು ನೋಡಲೇಬೇಕಾದ ಜಾಗ. ಆ ಗಿರಣಿಗಳಿಗೆ ಬರುತ್ತಿದ್ದುದು ಮಿನ್ನೆಸೋಟ, ಡಕೋಟ ಸೀಮೆಯ ಗಟ್ಟಿ ಗೋಧಿ. ಚಳಿ ಕಳೆದ ಮೇಲೆ ಬಿತ್ತುವ ಬೆಳೆ. ಅದರಲ್ಲಿ ಪ್ರೋಟೀನ್ ಜಾಸ್ತಿ. ನಿಮ್ಮ ಅಂಗಡಿಯಲ್ಲಿ 'ಬ್ರೆಡ್ ಫ್ಲೋರ್' ಅಂತ ಸಿಗುವುದು ಹೆಚ್ಚಾಗಿ ಇಂಥ ಗಟ್ಟಿ ಗೋಧಿಯ ಹಿಟ್ಟೇ. ಅದರಲ್ಲಿ ಪ್ರೋಟೀನ್ ಶೇ. 12-13ರಷ್ಟು ಇರುತ್ತದೆ. ಆಲ್ ಪರ್ಪಸ್‌ನಲ್ಲಿ ಶೇ. 10-12. ಸ್ಲೋ ಕುಕ್ಕರ್‌ಗೆ ಬ್ರೆಡ್ ಫ್ಲೋರನ್ನೇ ತನ್ನಿ. ಓವನ್ನಿನಲ್ಲಾದರೆ ಹೊರಮೈ ಬೇಗ ಗಟ್ಟಿಯಾಗಿ ಬ್ರೆಡ್ಡನ್ನು ಎತ್ತಿ ಹಿಡಿಯುತ್ತದೆ. ಇಲ್ಲಿ ಆ ಆಸರೆ ತಡವಾಗಿ ಸಿಗುತ್ತದೆ. ಅಲ್ಲಿಯವರೆಗೆ ಮುದ್ದೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಅದಕ್ಕೆ ಗ್ಲುಟೆನ್ ಬಲವಾಗಿರಬೇಕು.

ಇಂಡಿಯನ್ ಸ್ಟೋರಿನ ಗೋಧಿ ಹಿಟ್ಟಿನ ವಿಷಯ. ಚಪಾತಿಗೆ ಅದನ್ನು ಮೀರಿದ್ದಿಲ್ಲ. ಚಕ್ಕಿಯಲ್ಲಿ ಬೀಸುವಾಗ ಪಿಷ್ಟದ ಕಣಗಳು ಜಾಸ್ತಿ ಒಡೆಯುತ್ತವೆ, ಅದಕ್ಕೇ ಅದು ನೀರನ್ನು ಚೆನ್ನಾಗಿ ಹೀರಿಕೊಂಡು ಮೆತ್ತಗಿನ ಚಪಾತಿ ಕೊಡುತ್ತದೆ. ಆದರೆ ಅದೇ ನೀರು ಬ್ರೆಡ್ಡಿನ ಒಳಗೆ ಅಂಟಂಟಾಗಿ ಉಳಿಯುತ್ತದೆ. ಮೇಲಿಂದ ತೌಡಿನ ಚೂರುಗಳು ಗ್ಲುಟೆನ್ನಿನ ಎಳೆಯನ್ನು ಕತ್ತರಿಸುತ್ತವೆ. ಅರ್ಧಕ್ಕರ್ಧ ಹಾಕಿದ್ದು ನಿಮ್ಮ ಬ್ರೆಡ್ ನಡುವೆ ಅಂಟಲು ಇನ್ನೊಂದು ಕಾರಣ. ಮೊದಲ ಎರಡು ಮೂರು ಸಲ ಗೋಧಿ ಹಿಟ್ಟು ಬೇಡವೇ ಬೇಡ. ಕೈ ಪಳಗಿದ ಮೇಲೆ ಕಾಲು ಭಾಗ ಸೇರಿಸಿ. ಆಗ 20 ಗ್ರಾಂ ನೀರು ಜಾಸ್ತಿ ಹಾಕಿ, ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು ಆಮೇಲೆ ನಾದಿ.

ಕಪ್ ಅಳತೆ ಬಿಟ್ಟುಬಿಡಿ ಅನ್ನುವುದು ನನ್ನ ಕಳಕಳಿಯ ಮಾತು. ಒಬ್ಬರು ಕಪ್ ಅದ್ದಿ ತೆಗೆದರೆ 140 ಗ್ರಾಂ ಬರುತ್ತದೆ, ಇನ್ನೊಬ್ಬರು ಚಮಚದಲ್ಲಿ ತುಂಬಿದರೆ 120 ಗ್ರಾಂ. ಮೂರು ಕಪ್ಪಿಗೆ 60 ಗ್ರಾಂ ವ್ಯತ್ಯಾಸ! ಒಂದು ಸಣ್ಣ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಜೊತೆಗೆ ಚುಚ್ಚಿ ನೋಡುವ ಥರ್ಮಾಮೀಟರ್ ಒಂದು. ಅಂಗಡಿಯಲ್ಲಿ 'ಮೀಟ್ ಥರ್ಮಾಮೀಟರ್' ಅಂತ ಬರೆದಿರುತ್ತದೆ, ಅದೇ ಸಾಕು. ಓವನ್ ಬ್ರೆಡ್ಡನ್ನು ತಳ ತಟ್ಟಿ ಟೊಳ್ಳು ಸದ್ದು ಬಂದರೆ ಆಯಿತು ಅನ್ನುತ್ತಾರೆ. ಸ್ಲೋ ಕುಕ್ಕರ್ ಬ್ರೆಡ್ ಮೆತ್ತಗಿರುತ್ತದೆ, ಆ ಸದ್ದು ಕೊಡುವುದಿಲ್ಲ. ಕಡ್ಡಿ ಚುಚ್ಚಿ ನೋಡುವುದು ಕೇಕಿಗೆ ಸರಿ, ಇಲ್ಲಿ ಮೋಸ ಮಾಡುತ್ತದೆ. ಥರ್ಮಾಮೀಟರ್ ಮಾತ್ರ ನಂಬಿಕೆಯದ್ದು.

ನಾನು ಹೇಳುವ ಅಳತೆ ನಿಮ್ಮ 6 ಕ್ವಾರ್ಟ್ ಪಾತ್ರೆಗೆ, ಅಂದರೆ ಸುಮಾರು 5.7 ಲೀಟರಿನದ್ದಕ್ಕೆ. ಬ್ರೆಡ್ ಫ್ಲೋರ್ 400 ಗ್ರಾಂ. ನೀರು 250 ಗ್ರಾಂ, ಉಗುರುಬೆಚ್ಚಗೆ. ಉಪ್ಪು 7 ಗ್ರಾಂ. ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ಒಂದೂಕಾಲು ಟೀ ಚಮಚದಷ್ಟು. ಸಕ್ಕರೆ ಒಂದು ದೊಡ್ಡ ಚಮಚ, ಎಣ್ಣೆ ಅಥವಾ ಕರಗಿಸಿದ ಬೆಣ್ಣೆ ಎರಡು ದೊಡ್ಡ ಚಮಚ. ಮೆತ್ತಗೆ ಬೇಕು ಅಂದಿರಲ್ಲ, ಎಣ್ಣೆ ಸಕ್ಕರೆ ಅದಕ್ಕೇ. ಓವನ್ನಿಗಾದರೆ ನಾನು ಇದೇ ಹಿಟ್ಟಿಗೆ 270 ಗ್ರಾಂ ನೀರು ಹಾಕುತ್ತಿದ್ದೆ. ಓವನ್ನಿನಲ್ಲಿ ಒಂದಷ್ಟು ನೀರು ಆವಿಯಾಗಿ ಹೋಗುತ್ತದೆ. ಇಲ್ಲಿ ಹೋಗುವುದಿಲ್ಲ, ಅದಕ್ಕೇ ಮೊದಲೇ ಕಡಿಮೆ.

ಯೀಸ್ಟ್ ಕಡಿಮೆ ಯಾಕೆ ಅಂದರೆ, ಅಮೆರಿಕದ ಒಂದು ಪ್ಯಾಕೆಟ್‌ನಲ್ಲಿ 7 ಗ್ರಾಂ ಇರುತ್ತದೆ. ಬಿಸಿ ಓವನ್ನಿನಲ್ಲಿ ಹಿಟ್ಟು ಕೆಲವೇ ನಿಮಿಷದಲ್ಲಿ ಯೀಸ್ಟ್ ಸಾಯುವ ಕಾವಿಗೆ ಹೋಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಅದಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯಬಹುದು. ಅಷ್ಟು ಹೊತ್ತೂ ಬೆಚ್ಚಗೆ ಕೂತ ಯೀಸ್ಟ್ ಜೋರಾಗಿ ಉಬ್ಬಿಸುತ್ತಲೇ ಇರುತ್ತದೆ. ಪೂರ್ತಿ ಪ್ಯಾಕೆಟ್ ಹಾಕಿ, 'ಲೋ'ದಲ್ಲಿ ಇಟ್ಟರೆ ಕೇಳುವುದೇ ಬೇಡ. ಹಿಟ್ಟು ಮಿತಿಮೀರಿ ಉಬ್ಬಿ, ಗಟ್ಟಿಯಾಗುವ ಮೊದಲೇ ಕುಸಿಯುತ್ತದೆ. ನಿಮ್ಮ ಬ್ರೆಡ್ಡಿನ ನಡುವೆ ತಗ್ಗು ಬಿದ್ದಿದ್ದರೆ ಅದು ಇದರದ್ದೇ ಗುರುತು. ನಿಮ್ಮ ಬಳಿ ಇರುವುದು 'ಆಕ್ಟಿವ್ ಡ್ರೈ' ಆದರೆ ಒಂದು ಗ್ರಾಂ ಜಾಸ್ತಿ ತೆಗೆದುಕೊಂಡು, 40 ಡಿಗ್ರಿಯ ನೀರಿಗೆ ಚಿಟಿಕೆ ಸಕ್ಕರೆಯೊಂದಿಗೆ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಜೀವ ಇದೆ. ಬರದಿದ್ದರೆ ಹೊಸ ಪ್ಯಾಕೆಟ್ ತನ್ನಿ, ಅದನ್ನು ನಂಬಿ ಹಿಟ್ಟು ಹಾಳುಮಾಡಬೇಡಿ.

ನಾದುವುದು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಕೈಯಲ್ಲಾದರೆ ಎಂಟು ಹತ್ತು ನಿಮಿಷ. ಆದರೆ ಗಡಿಯಾರ ನೋಡಬೇಡಿ. ಅಮ್ಮ ಹೋಳಿಗೆಗೆ ಕಣಕ ಮಾಡುವುದನ್ನು ನೋಡಿದ್ದೀರಲ್ಲ? ಎಳೆದರೆ ಹರಿಯದೆ ಬರಬೇಕು ಅಂತ ಅವರು ಹೇಗೆ ಎಳೆದು ನೋಡುತ್ತಾರೋ ಹಾಗೆ ನೋಡಿ. ನಿಂಬೆ ಗಾತ್ರದ ಹಿಟ್ಟು ತೆಗೆದು ಎರಡೂ ಕೈಯಲ್ಲಿ ನಿಧಾನಕ್ಕೆ ಅಗಲಿಸಿ. ಬೆಳಕು ಕಾಣುವಷ್ಟು ತೆಳ್ಳಗಾಗಿಯೂ ತೂತು ಬೀಳದಿದ್ದರೆ ಆಯಿತು. ಒಂದೇ ವ್ಯತ್ಯಾಸ, ಕಣಕ ಇದಕ್ಕಿಂತ ಸಡಿಲ ಮತ್ತು ಎಣ್ಣೆಯಲ್ಲಿ ಮುಳುಗಿರುತ್ತದೆ.

ನೆಲಮಾಳಿಗೆ ಚಳಿ ಇರುತ್ತದೆ. ಮೊದಲ ಉಬ್ಬಿಗೆ ಒಂದು ಗಂಟೆ ಅಂತ ಬರೆದಿರುವುದೆಲ್ಲ 25-26 ಡಿಗ್ರಿಯ ಕೋಣೆಯ ಲೆಕ್ಕ. ನಿಮ್ಮಲ್ಲಿ ಎರಡು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಹಿಟ್ಟು ಎರಡರಷ್ಟು ಆಗುವವರೆಗೆ ಕಾಯಿರಿ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಲಿಲ್ಲ ಅಂತ ಪಾತ್ರೆಗೆ ಶಾಲು ಸುತ್ತುವ ನಮ್ಮ ಅಭ್ಯಾಸ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಉಬ್ಬಿಸಲು ಕುಕ್ಕರಿನ 'ವಾರ್ಮ್' ಗುಂಡಿ ಒತ್ತಬೇಡಿ. ಅದು ಊಟ ಬಿಸಿಯಾಗಿಡಲು ಇರುವುದು. ಅದರ ಕಾವು 60 ಡಿಗ್ರಿಯ ಮೇಲೇ ಇರುತ್ತದೆ. ಯೀಸ್ಟ್ ಅಲ್ಲಿ ಬದುಕುವುದಿಲ್ಲ.

ಉಬ್ಬಿದ ಹಿಟ್ಟನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆದು, ಅಂಚುಗಳನ್ನು ನಡುವಿಗೆ ಮಡಚಿ, ತಿರುಗಿಸಿಟ್ಟು ಬಿಗಿಯಾದ ಉಂಡೆ ಮಾಡಿ. ಮೇಲ್ಮೈ ನುಣುಪಾಗಿ ಎಳೆದ ಹಾಗಿರಬೇಕು. ಈ ಬಿಗಿಯೇ ಬ್ರೆಡ್ಡನ್ನು ಎತ್ತರಕ್ಕೆ ಬೆಳೆಸುತ್ತದೆ, ಇಲ್ಲದಿದ್ದರೆ ಅಗಲಕ್ಕೆ ಹರಡುತ್ತದೆ. ಉದ್ದನೆಯ ಪಾರ್ಚ್‌ಮೆಂಟ್ ಪೇಪರ್ (ಬೇಕಿಂಗಿಗೆ ಬಳಸುವ, ಅಂಟದ ಕಾಗದ) ಮೇಲೆ ಇದನ್ನಿಡಿ. ಮೇಣ ಹಚ್ಚಿದ ವ್ಯಾಕ್ಸ್ ಪೇಪರ್ ಆಗುವುದಿಲ್ಲ, ಮೇಣ ಕರಗಿ ಬ್ರೆಡ್ಡಿಗೆ ಹತ್ತುತ್ತದೆ. ಪೇಪರಿನ ಎರಡು ತುದಿ ಪಾತ್ರೆಯ ಅಂಚಿನವರೆಗೂ ಬರುವಷ್ಟು ಉದ್ದವಿರಲಿ. ಆಮೇಲೆ ಬ್ರೆಡ್ಡನ್ನು ತೊಟ್ಟಿಲ ಹಾಗೆ ಎತ್ತಿಕೊಳ್ಳಬಹುದು.

ಪಾತ್ರೆಯನ್ನು ಖಾಲಿ ಇಟ್ಟು ಕಾಯಿಸಬೇಡಿ, ಪಿಂಗಾಣಿ ಬಿರುಕು ಬಿಡಬಹುದು. ಬದಲಿಗೆ ಬೆಚ್ಚನೆಯ ನೀರು ತುಂಬಿ ಹತ್ತು ನಿಮಿಷ ಬಿಟ್ಟು, ಚೆಲ್ಲಿ, ಒಣಗುವ ಹಾಗೆ ಒರೆಸಿ. ಫ್ರಿಜ್ಜಿನಿಂದ ತೆಗೆದ ಪಾತ್ರೆಯನ್ನು ನೇರವಾಗಿ ಬಿಸಿಗೆ ಇಡುವುದು, ಬಿಸಿ ಪಾತ್ರೆಯನ್ನು ತಣ್ಣನೆಯ ಕಲ್ಲಿನ ಮೇಲಿಡುವುದು, ಎರಡೂ ಬೇಡ. ಕುಕ್ಕರಿನ ಜೊತೆ ಬಂದ ಪುಸ್ತಕ ಇಲ್ಲದಿದ್ದರೆ ಕೆಳಗೆ ಬರೆದಿರುವ ಮಾಡೆಲ್ ನಂಬರ್ ಹಾಕಿ ಹುಡುಕಿ, ಅದು ಏನು ಹೇಳುತ್ತದೆ ಅಂತ ಒಮ್ಮೆ ಓದಿ. ಹಳೆಯ ಕುಕ್ಕರ್ ಆದ್ದರಿಂದ ವೈರು ಸವೆದಿದೆಯಾ ಅಂತಲೂ ನೋಡಿ.

ಈಗ ಬಟ್ಟೆಯ ಮಾತು. ಇಡೀ ಉತ್ತರದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಹಿಟ್ಟಿನಿಂದ ಏಳುವ ಹಬೆ ಗಾಜಿನ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ. ಆ ನೀರು ಹನಿಹನಿಯಾಗಿ ಬ್ರೆಡ್ಡಿನ ಮೇಲೇ ಬೀಳುತ್ತದೆ. ಕಡುಬು ಬೇಯಿಸುವಾಗ ಮುಚ್ಚಳದ ನೀರು ತೊಟ್ಟಿಕ್ಕಬಾರದು ಅಂತ ಬಟ್ಟೆ ಕಟ್ಟುತ್ತೇವಲ್ಲ, ಅದೇ ಉಪಾಯ. ಹಳೆಯ ಕಾಟನ್ ಪಂಚೆಯ ತುಂಡು ಇದ್ದರೆ ಬಹಳ ಒಳ್ಳೆಯದು, ನೀರು ಚೆನ್ನಾಗಿ ಹೀರುತ್ತದೆ. ಇಲ್ಲದಿದ್ದರೆ ತೆಳುವಾದ ಅಡುಗೆಮನೆ ಟವೆಲ್. ಎರಡು ಪದರ ಮಾಡಿ, ಪಾತ್ರೆಯ ಬಾಯಿಗೆ ಬಿಗಿಯಾಗಿ ಎಳೆದು, ಮೇಲೆ ಮುಚ್ಚಳ ಇಡಿ. ಬಟ್ಟೆ ಒಳಗೆ ಜೋತು ಹಿಟ್ಟಿಗೆ ತಾಗಬಾರದು. ಉಳಿದ ನಾಲ್ಕೂ ತುದಿಗಳನ್ನು ಮುಚ್ಚಳದ ಮೇಲಕ್ಕೆ ತಂದು ಹಿಡಿಯ ಸುತ್ತ ಗಂಟು ಹಾಕಿ. ಇದನ್ನು ಮರೆಯಬೇಡಿ. ಮಗಳ ಮನೆಯಲ್ಲಿ ಮೊದಲ ಸಲ ಮಾಡಿದಾಗ ನಾನು ಒಂದು ತುದಿಯನ್ನು ಹಾಗೇ ಬಿಟ್ಟಿದ್ದೆ. ಅದು ಕುಕ್ಕರಿನ ಹೊರಗಿನ ಬಿಸಿ ತಗಡಿಗೆ ತಾಗಿಕೊಂಡಿತ್ತು. ಒಂದು ಗಂಟೆಯ ಮೇಲೆ ನೋಡಿದರೆ ಆ ಜಾಗ ಕಂದಿತ್ತು. ಅಂದಿನಿಂದ ಕುಕ್ಕರ್ ನಡೆಯುವಾಗ ನಾನು ಮನೆ ಬಿಟ್ಟು ಹೋಗುವುದಿಲ್ಲ. ನೀವೂ ಹೋಗಬೇಡಿ, ಅದರಲ್ಲೂ ಬಾಡಿಗೆ ಮನೆ.

ಗುಂಡಿ ಯಾವಾಗಲೂ 'ಹೈ'. ಬಹಳ ಕುಕ್ಕರ್‌ಗಳಲ್ಲಿ 'ಲೋ', 'ಹೈ' ಎರಡೂ ಕೊನೆಗೆ ಮುಟ್ಟುವ ಕಾವು ಹೆಚ್ಚುಕಡಿಮೆ ಒಂದೇ, ಕುದಿಯುವ ಹತ್ತಿರದ್ದು. ಮುಟ್ಟಲು ಹಿಡಿಯುವ ಹೊತ್ತು ಬೇರೆ. ಬ್ರೆಡ್ಡಿಗೆ ಬೇಗ ಮುಟ್ಟುವುದೇ ಬೇಕು. ಉಂಡೆ ಇಟ್ಟು, ಬಟ್ಟೆ ಕಟ್ಟಿ, ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ 'ಹೈ' ಹಾಕಿ. ಎರಡನೆಯ ಉಬ್ಬು ಪೂರ್ತಿ ಆಗುವವರೆಗೆ ಕಾಯಬೇಡಿ, ಉಳಿದ ಉಬ್ಬು ಕುಕ್ಕರ್ ಬೆಚ್ಚಗಾಗುವಾಗಲೇ ಆಗುತ್ತದೆ.

ಮೊದಲ ಒಂದು ಗಂಟೆ ಮುಚ್ಚಳ ಮುಟ್ಟಬೇಡಿ. ಒಂದು ಸಲ ತೆಗೆದರೆ ಹದಿನೈದು ಇಪ್ಪತ್ತು ನಿಮಿಷದ ಕಾವು ಹೋಗುತ್ತದೆ. ನೀವು ನಾಲ್ಕು ಸಲ ತೆಗೆದಿರಿ, ಅಂದರೆ ನಿಮ್ಮ ಮೂರು ಗಂಟೆಯಲ್ಲಿ ಒಂದು ಗಂಟೆ ಬರೀ ಕಳೆದುಕೊಂಡ ಕಾವನ್ನು ತುಂಬಿಕೊಳ್ಳಲು ಹೋಯಿತು. ಅಷ್ಟೂ ಹೊತ್ತು ತಳ ಮಾತ್ರ ಕಾಯುತ್ತಲೇ ಇತ್ತು.

ಒಂದು ಗಂಟೆ ಆದ ಮೇಲೆ ಒಂದೇ ಸಲ ತೆಗೆದು, ಎರಡು ಮೂರು ಕೆಲಸ ಒಟ್ಟಿಗೆ ಮುಗಿಸಿ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ. ಪೇಪರ್ ಹಿಡಿದು ಬ್ರೆಡ್ಡನ್ನು ಅರ್ಧ ಸುತ್ತು ತಿರುಗಿಸಿ. ಕಾವಿನ ತಂತಿ ಎಲ್ಲ ಕಡೆಯೂ ಒಂದೇ ಹಾಗೆ ಕಾಯುವುದಿಲ್ಲ, ಒಂದು ಪಕ್ಕ ಯಾವಾಗಲೂ ಜಾಸ್ತಿ ಕೆಂಪಾಗುತ್ತದೆ. ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಸಾಮಾನ್ಯವಾಗಿ ಈಗ 75-85 ಡಿಗ್ರಿ ಇರುತ್ತದೆ. ಅಲ್ಲಿಂದ ಮುಂದೆ ಅರ್ಧ ಗಂಟೆಯಿಂದ ಒಂದು ಗಂಟೆ. ಕೊನೆಯ ಇಪ್ಪತ್ತು ನಿಮಿಷ ಮುಚ್ಚಳದ ಒಂದು ಪಕ್ಕಕ್ಕೆ ಮರದ ಸೌಟಿನ ಹಿಡಿ ಸಿಕ್ಕಿಸಿ, ಹಬೆ ಹೋಗಲು ಸಂದು ಬಿಡಿ. ಒಳಗೆ ಆಗಲೇ ಗಟ್ಟಿಯಾಗಿರುವುದರಿಂದ ಬ್ರೆಡ್ ಕೂರುವುದಿಲ್ಲ, ಮೇಲ್ಮೈ ಒಣಗುತ್ತದೆ. 93 ಡಿಗ್ರಿ ಬಂದ ತಕ್ಷಣ ಎತ್ತಿಬಿಡಿ. ಒಟ್ಟು ಒಂದೂವರೆ ಗಂಟೆಯಿಂದ ಎರಡು ಗಂಟೆ. ನಿಮ್ಮ ಕುಕ್ಕರಿನ ಲೆಕ್ಕ ಎರಡು ಸಲ ಮಾಡಿದರೆ ತಿಳಿಯುತ್ತದೆ, ಗೋಡೆಗೆ ಬರೆದಿಟ್ಟುಕೊಳ್ಳಿ.

ಎತ್ತರದ ಊರುಗಳಲ್ಲಿರುವ ಓದುಗರಿಗೆ ಒಂದು ಮಾತು. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಮೇಲಿರುವ ಡೆನ್ವರ್‌ನಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಸುಮಾರು 900 ಮೀಟರಿನ ಬೆಂಗಳೂರಿನಲ್ಲಿ 97ಕ್ಕೆ. ಅಲ್ಲಿ 'ಇನ್ನೂ 93 ಬರಲಿಲ್ಲ' ಅಂತ ಕಾಯುತ್ತಾ ಕೂತರೆ ತಳ ಸೀಯಬಹುದು. 90-91 ಬಂದರೆ ತೆಗೆಯಿರಿ.

ಮೇಲ್ಭಾಗದ ಬಣ್ಣಕ್ಕೆ ಅಮೆರಿಕದವರು ಓವನ್ನಿನ ಮೇಲಿನ ಉರಿಯಲ್ಲಿ, ಅಂದರೆ ಬ್ರಾಯ್ಲರ್‌ನಲ್ಲಿ, ಎರಡು ನಿಮಿಷ ಇಡುತ್ತಾರೆ. ನಿಮಗೆ ಓವನ್ನೇ ಇಲ್ಲ. ಆದರೆ ದೋಸೆ ಕಾವಲಿ ಇರಬೇಕಲ್ಲ? ಇಂಡಕ್ಷನ್ ಮೇಲೆ ಅದನ್ನು ಮಧ್ಯಮ ಬಿಸಿ ಮಾಡಿ, ಚೂರು ಬೆಣ್ಣೆ ಸವರಿ, ಬ್ರೆಡ್ಡನ್ನು ಬೋರಲು ಹಾಕಿ. ಗುಮ್ಮಟದ ತುದಿ ಮಾತ್ರ ತಾಗುತ್ತದೆ, ಹಾಗಾಗಿ ಕೈಯಲ್ಲಿ ಬಟ್ಟೆ ಹಿಡಿದು ಮೆಲ್ಲಗೆ ಓರೆ ಮಾಡುತ್ತಾ ಸುತ್ತಿಸಿ. ನಾಲ್ಕೈದು ನಿಮಿಷದಲ್ಲಿ ಅಲ್ಲಲ್ಲಿ ಕೆಂಪು ಬರುತ್ತದೆ. ಒಂದೇ ಸಮ ಬಣ್ಣ ಬರುವುದಿಲ್ಲ, ಆದರೆ ಆ ಸುಟ್ಟ ಬೆಣ್ಣೆಯ ವಾಸನೆ ಬಂದರೆ ಬಣ್ಣದ ಯೋಚನೆ ಯಾರಿಗಿರುತ್ತದೆ!

ಆಮೇಲೆ ಬರುವುದೇ ಕಷ್ಟದ ಕೆಲಸ, ಕಾಯುವುದು. ತಂತಿಯ ಜಾಲರಿಯ ಮೇಲಿಟ್ಟು ಒಂದು ಗಂಟೆ ಬಿಡಿ. ಜಾಲರಿ ಇಲ್ಲದಿದ್ದರೆ ಎರಡು ಸೌಟು ಅಡ್ಡ ಇಟ್ಟು ಅದರ ಮೇಲಿಡಿ. ತಳಕ್ಕೆ ಗಾಳಿ ಆಡಬೇಕು, ಅಷ್ಟೆ. ಬಿಸಿಯಲ್ಲಿ ಕತ್ತರಿಸಿದರೆ ಚೆನ್ನಾಗಿ ಬೆಂದ ಬ್ರೆಡ್ ಕೂಡ ಹಸಿ ಹಿಟ್ಟಿನ ಹಾಗೆ ಅಂಟುತ್ತದೆ. ಒಳಗಿನ ಗಂಜಿ ಆರಿ ಗಟ್ಟಿಯಾಗಲು ಅಷ್ಟು ಹೊತ್ತು ಬೇಕು. ನಿಮ್ಮ ಮೊದಲ ಬ್ರೆಡ್ಡಿನ ಅಂಟಿನಲ್ಲಿ ಇದರದ್ದೂ ಪಾಲಿರಬಹುದು. ಮತ್ತೆ, ಬ್ರೆಡ್ಡನ್ನು ಪಾತ್ರೆಯಲ್ಲೇ ಆರಲು ಬಿಡಬೇಡಿ, ಬೆವರಿ ತಳ ಒದ್ದೆಯಾಗುತ್ತದೆ.

ಅಯ್ಯಂಗಾರ್ ಬೇಕರಿಯ ಬ್ರೆಡ್ ಅಂದಿರಿ. ಹಾಸನದ ಕಡೆಯಿಂದ ಬಂದ ಕುಟುಂಬಗಳು ಊರೂರಲ್ಲಿ ಬೆಳೆಸಿದ ಆ ರುಚಿ ನನಗೂ ಪ್ರಾಣ. ಅದರ ಕೆಂಪು ನೆತ್ತಿ ನಿಮ್ಮ ಕುಕ್ಕರ್‌ನಲ್ಲಿ ಬರುವುದಿಲ್ಲ, ಅದನ್ನು ಸುಳ್ಳು ಹೇಳುವುದಿಲ್ಲ. ಆದರೆ ಒಳಗಿನ ಮೆತ್ತಗು ಬರುತ್ತದೆ. ನೀರಿನ ಅರ್ಧ ಭಾಗಕ್ಕೆ ಹಾಲು ಹಾಕಿದರೆ ಇನ್ನೂ ಹತ್ತಿರ ಹೋಗುತ್ತೀರಿ. ಹಾಲನ್ನು ಮೊದಲು ಕಾಯಿಸಿ ಆರಿಸಿಕೊಳ್ಳಿ. ಖಾರಾ ಬನ್ನಿನ ಆಸೆಯಾದರೆ, ಅದೇ ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ಕರಿಬೇವು ಸೇರಿಸಿ. ಈರುಳ್ಳಿ ನೀರು ಬಿಡುತ್ತದೆ, ಅದಕ್ಕೆ ಅದನ್ನು ಬಾಣಲೆಯಲ್ಲಿ ಒಣಗುವವರೆಗೆ ಹುರಿದು, ಆರಿಸಿ, ನಾದಿದ ಮೇಲೆ ಹಾಕಿ. ಏಳು ಉಂಡೆ ಮಾಡಿ ಒಂದಕ್ಕೊಂದು ತಾಗುವ ಹಾಗೆ ಹೂವಿನಂತೆ ಜೋಡಿಸಿ. ಅಂಥದ್ದು ದೊಡ್ಡ ಉಂಡೆಗಿಂತ ಬೇಗ ಬೇಯುತ್ತದೆ, ಒಂದೂಕಾಲು ಗಂಟೆಗೇ ನೋಡಿ.

ಈ ಬ್ರೆಡ್ ಜಾಸ್ತಿ ದಿನ ನಿಲ್ಲುವುದಿಲ್ಲ. ಹೊರಗೆ ಒಣಗಿದ ಸಿಪ್ಪೆ ಇಲ್ಲದ್ದರಿಂದ ಬೇಗ ಬೂಷ್ಟು ಬರುತ್ತದೆ. ಎರಡು ದಿನದ್ದು ಹೊರಗಿಟ್ಟು, ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕಿ. ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲಿ ಬ್ರೆಡ್ ಬೇಗ ಬಿರುಸಾಗುತ್ತದೆ. ಹೋಳನ್ನು ಹಾಗೇ ಕಾವಲಿಗೆ ಹಾಕಿ ಸುಟ್ಟರೆ ಬೆಳಗಿನ ತಿಂಡಿ ಆಯಿತು. ಹಳೆಯದಾದರೆ ಬ್ರೆಡ್ ಉಪ್ಪಿಟ್ಟು.

ಇನ್ನು ಶಿವಮೊಗ್ಗದ ಪ್ರಶ್ನೆ. ಒಯ್ಯಬೇಡಿ. ಅಮೆರಿಕದ ಕರೆಂಟ್ 120 ವೋಲ್ಟ್, ನಮ್ಮದು 230. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟನ್ನು ಬದಲಿಸುವುದಿಲ್ಲ. ನೇರವಾಗಿ ಹಾಕಿದರೆ ಕಾವಿನ ತಂತಿ ಎಳೆಯುವ ಶಕ್ತಿ ಮೂರೂವರೆ ಪಟ್ಟಿಗಿಂತ ಜಾಸ್ತಿಯಾಗಿ ಸುಟ್ಟುಹೋಗುತ್ತದೆ, ಬೆಂಕಿಯ ಭಯವೂ ಇದೆ. ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಳ್ಳಬಹುದು, ಆದರೆ ಅದೂ ಭಾರ, ಪಿಂಗಾಣಿ ಪಾತ್ರೆಯೂ ಭಾರ, ದಾರಿಯಲ್ಲಿ ಒಡೆಯುವ ಚಿಂತೆ ಬೇರೆ. ಅಮ್ಮನ ಮನೆಯಲ್ಲಿ ಗ್ಯಾಸ್ ಇದೆಯಲ್ಲ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದಂಗುಲ ಕಲ್ಲುಪ್ಪು ಹರಡಿ, ಅದರ ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹದಿನೈದು ನಿಮಿಷ ಕಾಯಿಸಿ. ಹಿಟ್ಟಿನ ತಟ್ಟೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಸಣ್ಣ ಉರಿಯಲ್ಲಿ ನಲವತ್ತೈದು ನಿಮಿಷ ಬಿಡಿ. ಅಲ್ಲಿ ಕಾವು ಸ್ಲೋ ಕುಕ್ಕರಿಗಿಂತ ಜಾಸ್ತಿ, ಗಾಳಿ ಒಣ. ನಮ್ಮ ಮೈದಾದಲ್ಲಿ ಪ್ರೋಟೀನ್ ಅಲ್ಲಿಯ ಬ್ರೆಡ್ ಫ್ಲೋರಿಗಿಂತ ಕಡಿಮೆ, ಅದಕ್ಕೆ ನೀರನ್ನು 230 ಗ್ರಾಮಿಗೆ ಇಳಿಸಿ ಕಲಸಿ. ಬೇಕಿದ್ದರೆ ಆಮೇಲೆ ಒಂದೊಂದು ಚಮಚ ಸೇರಿಸಿಕೊಳ್ಳಿ. ಕುಕ್ಕರ್ ಅಲ್ಲೇ ಇರಲಿ, ಥರ್ಮಾಮೀಟರ್ ಮಾತ್ರ ಬ್ಯಾಗಿಗೆ ಹಾಕಿಕೊಳ್ಳಿ.